ಲಕ್ಕಮ್ಮನ ತಳಿ

ಅಕ್ಕನನ್ನು ಕರೆದುಕೊಂಡು ಹೋದ ತಪ್ಪಿಗೆ ಮೂವತ್ತೇಳು ವರ್ಷ ನನ್ನ ಕೀಟಲೆ ಸಹಿಸಿಕೊಂಡ ಭಾವನವರಿಗೆ,

ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿ, ತಿಪಟೂರಿನಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಪಾಠ ಹೇಳಿ ನಿವೃತ್ತನಾಗಿರುವ, ನಿಮ್ಮ ಏಕಮಾತ್ರ ಭಾವಮೈದುನ ಶಂಕರನೆಂಬ ನಾನು, ಪೂರ್ತಿ ಎಚ್ಚರದಲ್ಲಿದ್ದು, ಯಾರ ಬಲವಂತಕ್ಕೂ ಒಳಗಾಗದೆ ಒಪ್ಪಿಕೊಳ್ಳುವುದೇನೆಂದರೆ, ನಿನ್ನೆ ಸಂಜೆ ನಿಮ್ಮ ಅಟ್ಟ ಹತ್ತಿ ಬಿಡಿಸಿಟ್ಟ ಒಂದು ಕೊಬ್ಬರಿ ಕದ್ದಿದ್ದೇನೆ. ಹೋಳಲ್ಲ, ಇಡೀ ಉಂಡೆ. ಜುಬ್ಬದ ಜೇಬಿನಲ್ಲಿ ಹಾಕಿಕೊಂಡು ನೊಣವಿನಕೆರೆಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಒಮ್ಮೆ ನನ್ನ ಮುಖ, ಒಮ್ಮೆ ಜೇಬು ನೋಡಿ, “ಏನ್ ಮೇಷ್ಟ್ರೇ, ಸೊಂಟದ ಹತ್ರ ಗೆಡ್ಡೆ ಎದ್ದೈತಾ?” ಎಂದ. “ಹೂಂ ಕಣಪ್ಪ, ಬರೀ ಕೊಬ್ಬು. ಕೊನೇಗೊಂದು ‘ರಿ’ ಸೇರಿಸ್ಕೊ” ಎಂದೆ. ಅವನಿಗೆ ಅರ್ಥವಾಗಲಿಲ್ಲ. ನೀವಾಗಿದ್ದರೆ ಅರ್ಥವಾಗಿ ತಲೆಗೊಂದು ಮೊಟಕುತ್ತಿದ್ದಿರಿ. ಕೇಳಿದ್ದರೆ ಅಕ್ಕ ಒಂದು ಚೀಲವನ್ನೇ ಕೊಡುತ್ತಿದ್ದಳು, ನಿಜ. ಆದರೆ ಕೊಡುವಾಗ ‘ಯಾಕೋ?’ ಎನ್ನುತ್ತಿದ್ದಳು. ಆ ‘ಯಾಕೋ’ಗೆ ಹೆದರಿ ಕದ್ದೆ. ಕಳವಿನ ಮಾಲು ಈಗ ಈ ಕಾಗದದ ಪಕ್ಕದಲ್ಲೇ, ಬೆಳಗಿನ ಬಿಸಿಲಿನಲ್ಲಿ, ಏನೂ ಅರಿಯದ ಹಾಗೆ ಕೂತಿದೆ.

ನೆನಪಿದೆಯಾ, ನಿಮ್ಮ ಮದುವೆಯಾದ ಹೊಸತರಲ್ಲಿ ನಾನು ಮೊದಲ ಸಲ ಆ ಅಟ್ಟ ಹತ್ತಿದ್ದು? ವರ್ಷಗಟ್ಟಲೆ ಅಟ್ಟದಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯಿಗಳನ್ನು ಅಂಗಳಕ್ಕೆ ಇಳಿಸಿ, ಚಿಪ್ಪು ಬಿಡಿಸಿ ರಾಶಿ ಹಾಕಿದ್ದಿರಿ. ನಾನು ಒಂದನ್ನೆತ್ತಿ ಮೂಸಿ, “ಇದು ಕೌಟು” ಎಂದೆ. ಕೌಟೆಂದರೆ ಒಳಗೇ ಕೆಟ್ಟು ಕಮಟು ಹಿಡಿದ ಕೊಬ್ಬರಿ. ಹೊರಗೆ ನೋಡಿದರೆ ಮದುಮಗನ ಹಾಗಿರುತ್ತದೆ. ನೀವು ನಂಬಲಿಲ್ಲ. ಮಚ್ಚು ತೆಗೆದುಕೊಂಡು ಸೀಳಿದಿರಿ. ಒಳಗೆ ಕಪ್ಪು. “ಏನ್ಲಾ ಶಂಕ್ರ, ಮೂಗೋ ಮಿಷನ್ನೋ?” ಎಂದು ಕೇಳಿ, ಅಲ್ಲೇ ನನಗೆ ‘ಚಿಕ್ಕನಾಯಕನಹಳ್ಳಿಯ ದೊಡ್ಡಮೂಗು’ ಎಂದು ಬಿರುದು ಕೊಟ್ಟಿರಿ. ಅವತ್ತಿನಿಂದ ಚೀಲ ತುಂಬುವ ಮುಂಚೆ ನನಗೆ ಕರೆ ಬರುವುದು, ನಾನು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ನ್ಯಾಯಾಧೀಶನ ಹಾಗೆ ಮೂಸಿ ತೀರ್ಪು ಕೊಡುವುದು, ನಾನು ‘ಘಮ್’ ಎಂದದ್ದನ್ನು ನೀವು ಇಸಿದುಕೊಂಡು ಸುಮ್ಮನೆ ಸಂತೋಷಕ್ಕೆ ಇನ್ನೊಂದು ಸಲ ಮೂಸುವುದು, ಎಲ್ಲವೂ ಮನೆಯ ಪದ್ಧತಿಯಾಯಿತು. ಅಕ್ಕ ಗೊಣಗುತ್ತಿದ್ದಳು, “ಎಲ್ಲಾರ ವಿಷ್ಯಕ್ಕೂ ಮೂಗು ತೂರಿಸೋದು ಇವನ ಚಾಳಿ. ನೀವು ಅದ್ಕೇ ಕುರ್ಚಿ ಹಾಕಿ ಊಟ ಬೇರೆ ಇಕ್ಕುಸ್ತೀರಿ.”

ಮೊದಲ ವರ್ಷ ಕೊರೊನಾ ಬಂದಾಗ ನನ್ನ ವೇಷದ ಮೆರವಣಿಗೆಯನ್ನು ನೀವು ಮರೆತಿರಲಾರಿರಿ. ಮಾಸ್ಕಿನ ಮೇಲೊಂದು ಮಾಸ್ಕು. ಕೈಗೆ ಉಜ್ಜುವ ದ್ರಾವಣದ ಶೀಶೆಯನ್ನು ಶಿವದಾರದ ಹಾಗೆ ಕುತ್ತಿಗೆಗೆ ಕಟ್ಟಿಕೊಂಡಿದ್ದೆ. ನಿಮ್ಮೂರಿಗೆ ಕರಪತ್ರ ಬರೆದುಕೊಟ್ಟವನೂ ನಾನೇ. ಜ್ವರ, ಕೆಮ್ಮು, ಸುಸ್ತು ಎಂದು ಲಕ್ಷಣಗಳ ಪಟ್ಟಿ, ನಾಲ್ಕನೆಯ ಸಾಲಿನಲ್ಲಿ ‘ವಾಸನೆ ತಿಳಿಯದಿರುವುದು’, ಕೆಳಗೆ ದಪ್ಪ ಅಕ್ಷರದಲ್ಲಿ ‘ಇವುಗಳಲ್ಲಿ ಒಂದು ಕಂಡರೂ ಮನೆಯಿಂದ ಹೊರಬೀಳಬೇಡಿ’. ನೀವು ಓದಿ, “ಇದ್ನ ಓದುದ್ರೆ ವೈರಸ್ಸೇ ನಕ್ಕು ಸಾಯ್ತದೆ ಬುಡು” ಎಂದಿರಿ. ನಗಿ ಭಾವ, ನಗಿ. ಆದರೆ ಮೂರು ತಾಲ್ಲೂಕು ಜರಡಿ ಹಿಡಿದರೂ ನನ್ನಷ್ಟು ನಿಯಮ ಪಾಲಿಸಿದವನು ಸಿಗಲಾರ, ನನ್ನಂಥ ಮೂಗಿನವನಂತೂ ಇಲ್ಲವೇ ಇಲ್ಲ. ಇದನ್ನು ನಾನು ಸಭೆಗಳಲ್ಲಿ ಎದೆ ತಟ್ಟಿ ಹೇಳಿದ್ದೇನೆ. ಚಪ್ಪಾಳೆಯೂ ಬಿದ್ದಿದೆ.

ಜಗಲಿಯ ಮೇಲೆ ಕೂತು ನೀವು ಕೇಳಿದ ಒಂದು ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಟೀವಿಯವರು ‘ರೂಪಾಂತರಿ, ರೂಪಾಂತರಿ’ ಎಂದು ಅರಚುತ್ತಿದ್ದರು. “ಅದೇ ರೋಗಕ್ಕೆ ಹೊಸ ತಳಿ ಅಂತಾರಲ್ಲೋ, ಯಾರು ಕಸಿ ಕಟ್ಟುದ್ರು ಅದಕ್ಕೆ?” ಎಂದಿರಿ. ನಾನು ಮೇಷ್ಟ್ರಾದದ್ದು ಸಾರ್ಥಕವಾಯಿತೆಂದುಕೊಂಡು ವಿವರಿಸಿದೆ. ಓಲೆಗರಿ ನಕಲು ಮಾಡುವವನು ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಾನೆ, ಅದನ್ನು ನಾವು ಪಾಠಾಂತರ ಎನ್ನುತ್ತೇವೆ. ವೈರಸ್ಸು ನಮ್ಮ ಮೈಯೊಳಗೆ ಹೊಕ್ಕು ತನ್ನನ್ನೇ ಸಾವಿರ ಸಾವಿರ ಸಲ ನಕಲು ಮಾಡಿಕೊಳ್ಳುವಾಗ ಹಾಗೇ ತಪ್ಪುತ್ತದೆ. ಬಹಳಷ್ಟು ತಪ್ಪು ವ್ಯರ್ಥ, ಎಲ್ಲೋ ಒಂದು ತಪ್ಪಿನಿಂದ ಅದಕ್ಕೆ ಇನ್ನೂ ಜೋರಾಗಿ ಓಡುವ ಕಾಲು ಬರುತ್ತದೆ ಎಂದೆಲ್ಲ ಹೇಳಿದೆ. ನೀವು ಎಲೆ ಅಡಿಕೆ ಜಗಿಯುತ್ತ ಕೇಳಿ, “ಒಂದೇ ಮರದ ಕಾಯಿ ಹತ್ತು ಮಡಗಿದ್ರೆ ಹತ್ತು ಸಸೀನೂ ಒಂದೇ ಥರ ಬರಲ್ಲ, ಅಂಗೆ. ಅಲ್ವಾ?” ಎಂದು ಒಂದೇ ಮಾತಿನಲ್ಲಿ ನನ್ನ ಪಾಠ ಮುಗಿಸಿದಿರಿ. ಆಮೇಲೆ ಒಂದು ಮಾತು ಸೇರಿಸಿದಿರಿ. “ಅಂದ್ರೆ ನಾವು ಮೈ ಕೊಟ್ಟಷ್ಟೂ ಅದು ಹೊಸ ಸಸಿ ಮಾಡ್ತದೆ.” ವಿಜ್ಞಾನಿಗಳಿಗೆ ದೊಡ್ಡ ಪುಸ್ತಕ ಬೇಕಾದ ವಿಷಯ, ನಿಮಗೆ ಒಂದು ಎಲೆ ಅಡಿಕೆ ಸಾಕಾಯಿತು.

ಆದರೆ ಮೈ ಕೊಡಬೇಡಿ ಎಂದರೆ ಕೇಳಿದವರು ಯಾರು? ಮೊದಲ ಅಲೆ ಇಳಿಯುತ್ತಲೇ ‘ಹೋಯ್ತು ಕಣ್ರೀ ಕೊರೊನಾ’ ಎಂದು ಸಾರಿದವರನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಿಂತುಹೋಗಿದ್ದ ಮದುವೆಗಳೆಲ್ಲ ಒಟ್ಟಿಗೇ ಎದ್ದವು. ಸಭೆಗೆ ಜನ ಸೇರಿಸಿದವರೂ ಅವರೇ, ಆಮೇಲೆ ಜನ ಸೇರಿದ್ದೇ ತಪ್ಪು ಎಂದು ಬೈದವರೂ ಅವರೇ. ಎಲ್ಲೋ ದೂರದಲ್ಲಿ ಹುಟ್ಟಿದ ಹೊಸ ತಳಿ ನೊಣವಿನಕೆರೆಗೆ ಬರಲು ವಿಮಾನವನ್ನೇ ಹತ್ತಬೇಕಿರಲಿಲ್ಲ, ಕೊನೆಗೆ ನಮ್ಮ ಕೆಂಪು ಬಸ್ಸು ಸಾಕಾಯಿತು. ಬಂದ ಮೇಲಾದರೂ ನಾಚಿಕೊಂಡೆವೇ? ತಿಪಟೂರಿನವರು ‘ತುರುವೇಕೆರೆಯಿಂದ ಬಂತು’ ಎಂದರು, ತುರುವೇಕೆರೆಯವರು ‘ಚಿಕ್ಕನಾಯಕನಹಳ್ಳಿಯಿಂದ’ ಎಂದರು, ನಮ್ಮೂರಿನವರು ಮತ್ತೆ ತಿಪಟೂರಿನ ಕಡೆ ಕೈ ತೋರಿಸಿದರು. ಕಣ್ಣಿಗೆ ಕಾಣದ ವೈರಸ್ಸಿಗೂ ತಾಲ್ಲೂಕು ಗಡಿ ಹಾಕಿದ ಜನ ನಾವು.

ಎರಡನೇ ಅಲೆಯ ಆ ದಿನ ನೀವು ಫೋನು ಮಾಡಿದ್ದು ಹೀಗೆ. “ಲೋ, ನೀನು ಬರದಿದ್ರೆ ಬ್ಯಾಡ. ಮೂಗು ಕಳ್ಸು.” ಪೇಟೆ ಮುಚ್ಚಿದ್ದರೂ ತೋಟದ ಕೆಲಸಕ್ಕೆ ತಡೆಯಿರಲಿಲ್ಲ. ನಾನು ಸ್ಕೂಟರಿನಲ್ಲಿ ಬಂದೆ. ದಬ್ಬೇಘಟ್ಟದ ಕಡೆಯಿಂದ ಲಕ್ಕಮ್ಮ ತನ್ನ ಜೊತೆಯ ಹೆಂಗಸರನ್ನು ಕರೆತಂದು ಅಂಗಳದಲ್ಲಿ ಚಿಪ್ಪು ಬಿಡಿಸುತ್ತಿದ್ದಳು. ಇಪ್ಪತ್ತು ವರ್ಷದಿಂದ ನಿಮ್ಮ ಮನೆಗೆ ಬರುವವಳು, ಒಂದು ಏಟಿಗೆ ಚಿಪ್ಪು ಹಾರಿ ಉಂಡೆ ಗಾಯವಿಲ್ಲದೆ ಕೈಗೆ ಬರಬೇಕು ಎಂದರೆ ಅವಳೇ. ನಾರಿನ ದೂಳಿಗೆ ಅವಳೂ ಕೆಮ್ಮಿದಳು, ಉಳಿದವರೂ ಕೆಮ್ಮಿದರು. ಆ ಅಂಗಳದಲ್ಲಿ ಕೆಮ್ಮದೆ ಕೆಲಸ ಮಾಡಿದವರನ್ನು ನೀವು ಕಂಡಿದ್ದೀರಾ? ನಾನು ಕುರ್ಚಿಯಲ್ಲಿ ಕೂತು ಎರಡೂ ಮಾಸ್ಕು ಇಳಿಸಿದೆ. ಮಾಸ್ಕು ಹಾಕಿಕೊಂಡು ವಾಸನೆ ನೋಡಲಾದೀತೇ? ಒಂದೊಂದೇ ಮೂಸಿ ‘ಘಮ್’ ಎಂದೆ, ನೀವು ಇಸಿದುಕೊಂಡು ನಿಮ್ಮ ಮೂಗಿಗೆ ಒತ್ತಿಕೊಂಡಿರಿ. ಎರಡು ಮಾಸ್ಕಿನ ಮನುಷ್ಯ, ಶೀಶೆಯ ಮನುಷ್ಯ, ಕರಪತ್ರದ ಮನುಷ್ಯ… ನನಗದು ಹೊಳೆಯಲೇ ಇಲ್ಲ.

ಅವತ್ತಿನ ಇನ್ನೊಂದು ಗಳಿಗೆ ಹೇಳಲೇಬೇಕು. ನಾನು ಒಂದು ಉಂಡೆಗೆ ‘ಘಮ್’ ಎಂದಾಗ ಲಕ್ಕಮ್ಮ ಕೆಲಸ ನಿಲ್ಲಿಸಿ ತಲೆಯೆತ್ತಿದಳು. “ಸ್ವಾಮಿ, ಅದೊಂದ್ನ ಇನ್ನೊಂದ್ ಕಿತ ನೋಡ್ರಿ” ಎಂದಳು. ನೀವು ಆ ಉಂಡೆಯನ್ನು ಮೂಸುವ ಮೊದಲೇ ಚೀಲಕ್ಕೆ ಎಸೆದು, “ಮೇಷ್ಟ್ರ ಮೂಗಿಗಿಂತ ನಿಂದು ದೊಡ್ಡದೇನಮ್ಮಿ?” ಎಂದು ನನ್ನ ಮಾನ ಕಾಪಾಡಿದಿರಿ. ಎಲ್ಲರೂ ನಕ್ಕರು. ಲಕ್ಕಮ್ಮ ತಲೆ ತಗ್ಗಿಸಿದಳು. ಆಮೇಲೆ ನಾವಿಬ್ಬರೂ ಎದುರುಬದುರು ಕೂತು ಮುದ್ದೆ ಉಂಡೆವು. ಅಕ್ಕನ ಸೊಪ್ಪಿನ ಸಾರು ಬಲು ಘಾಟಾಗಿದೆ ಎಂದು ನೀವು ಮೂಗು ಒರೆಸಿಕೊಂಡಿರಿ. ನಾನು ಎರಡು ಸಲ ಹಾಕಿಸಿಕೊಂಡೆ.

ಐದನೇ ದಿನಕ್ಕೆ ನಿಮಗೆ ಜ್ವರ. ಲಸಿಕೆ ಒಂದು ಸಲ ಹಾಕಿಸಿಕೊಂಡು ಇನ್ನೊಂದಕ್ಕೆ ಕಾಯುತ್ತಿದ್ದಿರಿ. ಒಂದು ಆಸ್ಪತ್ರೆಯ ಗೇಟಿನಲ್ಲಿ ಹಾಸಿಗೆ ಇಲ್ಲ ಎಂದರು, ಇನ್ನೊಂದರಲ್ಲಿ ಹಾಸಿಗೆ ಇದೆ, ಆಮ್ಲಜನಕ ಇಲ್ಲ ಎಂದರು. ಮೂರನೆಯದರಲ್ಲಿ ಎರಡೂ ಇತ್ತು, ನಿಮ್ಮಲ್ಲೇ ಉಸಿರು ಉಳಿದಿರಲಿಲ್ಲ. ಮುಖ ತೋರಿಸಲಿಲ್ಲ, ಮಣ್ಣು ಹಾಕಲು ಬಿಡಲಿಲ್ಲ. ಸಾಯುವವರೆಗೆ ಹತ್ತಿರ ಸುಳಿಯದ ವ್ಯವಸ್ಥೆ ಸತ್ತ ಮೇಲೆ ಎಷ್ಟು ಚುರುಕಾಗಿ ಸುತ್ತಿ ಕಟ್ಟಿತು ಗೊತ್ತಾ? ನಿಮ್ಮನ್ನು ಕೊಂದ ಆ ತಳಿಗೆ ಡೆಲ್ಟಾ ಎಂದು ನಾಮಕರಣವಾದಾಗ ನಿಮ್ಮ ತಿಥಿಯೂ ಮುಗಿದುಹೋಗಿತ್ತು. ಕೊಲೆಗಾರನ ಹೆಸರು ಕೇಳುವ ಭಾಗ್ಯವೂ ನಿಮಗಿರಲಿಲ್ಲ. ಆಮೇಲೆ ಒಮಿಕ್ರಾನ್ ಬಂತು, ಅದರ ಮಕ್ಕಳು ಮೊಮ್ಮಕ್ಕಳು ಬಂದವು. ಈಗಿನವಕ್ಕೆ ಲಾರಿ ನಂಬರಿನ ಹಾಗೆ ಅಕ್ಷರ, ಅಂಕಿ, ಚುಕ್ಕೆ.

ನಿಮ್ಮೂರು ಮಾತ್ರ ಅಷ್ಟು ದಿನ ಕಾಯಲಿಲ್ಲ. ನೀವು ಹೋದ ವಾರದಲ್ಲೇ ಅದಕ್ಕೊಂದು ಹೆಸರಿಟ್ಟಿತು. ಲಕ್ಕಮ್ಮನ ತಳಿ. ‘ಅಂಗಳದಲ್ಲಿ ಕೆಮ್ಮಿದ್ಲಲ್ಲ, ಅವಳೇ ತಂದದ್ದು.’ ಮೊದಲು ಹೇಳಿದವನು ನಿಮ್ಮ ಪಕ್ಕದ ತೋಟದ ಈರಣ್ಣ. ಆ ತಿಂಗಳು ಮೂರು ಮದುವೆ ಉಂಡು ಬಂದ ಅದೇ ಈರಣ್ಣ. ಲಕ್ಕಮ್ಮನಿಗೆ ಜ್ವರ ಬಂದದ್ದು ನಿಮಗಿಂತ ನಾಲ್ಕು ದಿನ ತಡವಾಗಿ. ಇಸಿದುಕೊಂಡವಳನ್ನೇ ಕೊಟ್ಟವಳು ಎನ್ನುತ್ತಾರಲ್ಲ, ಇದೆಂಥ ನ್ಯಾಯ? ಯಾರೂ ಕೇಳಲಿಲ್ಲ. ಅಂಗಡಿಯವನು ಸಾಮಾನನ್ನು ಕಟ್ಟೆಯ ಮೇಲಿಟ್ಟು ದೂರ ಸರಿದ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ. ಒಂದೊಂದೇ ಮನೆಯವರು ಕೊಬ್ಬರಿ ಕೆಲಸಕ್ಕೆ ಬೇರೆಯವರನ್ನು ಗೊತ್ತು ಮಾಡಿಕೊಂಡರು. ಹೇಳಲು ಸಂಕಟವಾಗುತ್ತದೆ, ಅಕ್ಕನೂ ಕರೆಯಲಿಲ್ಲ. ನಾಲ್ಕು ವರ್ಷ. ನಾನು ಮಾತ್ರ ಸಭೆ ಸಭೆಯಲ್ಲೂ ಮೂಢನಂಬಿಕೆಯ ಮೇಲೆ ಗುಡುಗಿದೆ. ದಬ್ಬೇಘಟ್ಟಕ್ಕೆ ಹೋಗಿ ಅವಳ ಬಾಗಿಲು ತಟ್ಟಿದೆನಾ ಎಂದು ಮಾತ್ರ ಕೇಳಬೇಡಿ.

ಮೊನ್ನೆ ಸಂಜೆ ಟೀವಿಯಲ್ಲಿ ಮತ್ತೆ ‘ಹೊಸ ತಳಿ, ಭಾರಿ ವೇಗ’ ಎಂದು ಕೆಂಪಕ್ಷರ. ಅದಕ್ಕೆ ಒಂದು ವಾರ ಮುಂಚೆ ಅಕ್ಕ, ಬೇರೆ ಆಳು ಸಿಗದೆ, ಕೊನೆಗೂ ಲಕ್ಕಮ್ಮನಿಗೆ ಹೇಳಿಕಳಿಸಿದ್ದಳು. ನಿನ್ನೆ ಬೆಳಿಗ್ಗೆ ಅವಳು ಬಂದಳು, ಎಂದಿನಂತೆ ಮೂಸಲು ನಾನೂ ಬಂದು ಕೂತಿದ್ದೆ. ಸ್ವಲ್ಪ ಬಗ್ಗಿದ್ದಾಳೆ, ಕೈ ಮಾತ್ರ ಅದೇ. ಮಧ್ಯಾಹ್ನದ ಹೊತ್ತಿಗೆ ಎರಡು ಸಲ ಕೆಮ್ಮಿದಳು. ಅಷ್ಟಕ್ಕೆ ಕಾದವನ ಹಾಗೆ ಈರಣ್ಣ ಬೇಲಿಯ ಹತ್ತಿರ ಹಾಜರು. ಜೊತೆಗೆ ನಾಲ್ಕು ಜನ. ಅಲ್ಲಿಂದಲೇ ಅಕ್ಕನನ್ನು ಕೂಗಿದ.

“ಗಿರಿಜಕ್ಕ, ಒಂದು ಸತಿ ಆಗಿದ್ದು ಸಾಲ್ದಾ? ಮತ್ತೆ ಅವಳ್ನೇ ಕರುಸ್ಕೊಂಡಿದ್ದೀಯಲ್ಲ!”

ಲಕ್ಕಮ್ಮ ಮಚ್ಚು ಕೆಳಗಿಟ್ಟಳು. “ದೂಳು ಕಣಣ್ಣೋ. ನೀನೂ ಒಂದ್ ಗಳಿಗೆ ಇಲ್ಲಿ ಕುಂತ್ಕ, ನಿಂಗೂ ಬತ್ತದೆ.”

“ನಿನ್ನ ಪಕ್ಕ ಕುಂತವ್ರು ಎಲ್ಲವ್ರೆ ಅಂತ ಗೊತ್ತಲ್ಲಮ್ಮಿ.”

ಆ ಮಾತಿಗೆ ಅಕ್ಕನ ಮುಖ ಬಿಳಿಚಿತು. ಸೆರಗು ಬಾಯಿಗೆ ಒತ್ತಿಕೊಂಡು, “ಲಕ್ಕಮ್ಮ, ಇವತ್ತಿಗೆ ಸಾಕು ಬುಡವ್ವ… ನಾಳೆ ನೋಡಣ” ಎಂದಳು. ಆ ‘ನಾಳೆ ನೋಡಣ’ ಏನೆಂದು ನಿಮಗೂ ಗೊತ್ತು, ಲಕ್ಕಮ್ಮನಿಗೂ ಗೊತ್ತಿತ್ತು. ಈ ಅಂಗಳದಿಂದ ಈ ಸಲ ಎದ್ದು ಹೋದರೆ ಅವಳನ್ನು ಇನ್ನು ಯಾವ ಅಂಗಳವೂ ಕರೆಯುವುದಿಲ್ಲ.

ನಾನು ಕುರ್ಚಿಯಿಂದೆದ್ದೆ. ಭಾವ, ಅದೊಂದು ಭಾಷಣ! ಎದ್ದ ರಭಸಕ್ಕೆ ಕುರ್ಚಿಯೇ ಹಿಂದಕ್ಕೆ ಬಿತ್ತು. “ಈರಣ್ಣ, ವೈರಸ್ಸು ಹೊಸ ಹೊಸ ವೇಷ ಹಾಕ್ತದೆ, ನೀನು ಮಾತ್ರ ನಾಲ್ಕು ವರ್ಷದಿಂದ ಅದೇ ಹಳೇ ವೇಷ! ಹೊಸ ತಳಿ ಹುಟ್ಟೋದು ಮದುವೆ ಮನೆ ಪಂಕ್ತಿಲಿ ಮೈಗೆ ಮೈ ಉಜ್ಜೋ ನಿನ್ನಂಥವರಿಂದ, ಚಿಪ್ಪು ಬಿಡಿಸೋಳಿಂದ ಅಲ್ಲ. ಕಾಯಿಲೆಗೆ ಹೆಸರಿಡೋಕೆ ನಿನಗೆ ಬೇಕಾಗಿದ್ದು ಒಬ್ಬಳು ಬಡವಿ, ಅಲ್ವೇನಯ್ಯ? ನಾನು ಅವತ್ತು ಇದೇ ಅಂಗಳದಲ್ಲಿದ್ದೆ. ಎರಡು ಮಾಸ್ಕು ಹಾಕ್ಕೊಂಡು ಬಂದಿದ್ದೆ. ನಾನು ಸಾಕ್ಷಿ!” ಹೆಂಗಸರು ಬಾಯಿಬಿಟ್ಟು ನೋಡುತ್ತಿದ್ದರು. ಈರಣ್ಣನೂ ಒಂದು ಹೆಜ್ಜೆ ಹಿಂದೆ ಸರಿದ. ನೀವಿರಬೇಕಿತ್ತು ಎನಿಸಿತು.

ಆಗ ಲಕ್ಕಮ್ಮ ಎದ್ದು ಬಂದು ಒಂದು ಉಂಡೆಯನ್ನು ನನ್ನ ಕೈಗಿಟ್ಟಳು. “ಸಾಕ್ಷಿ ಅಂದ್ರಲ್ಲ ಸ್ವಾಮಿ. ಇದ್ನ ಒಸಿ ನೋಡಿ ಏಳ್ರಿ.” ಮಾತಿನ ಕಾವಿನಲ್ಲಿದ್ದೆ. ಆ ಹೊತ್ತಿಗೆ ನಾನು ನೋಡಿದ್ದು ಈರಣ್ಣನ ಮುಖ, ಉಂಡೆಯನ್ನಲ್ಲ. ಗತ್ತಿನಲ್ಲಿ ಮೂಗಿಗೆ ಒತ್ತಿ, ದೀರ್ಘವಾಗಿ ಎಳೆದು, “ಘಮ್!” ಎಂದೆ.

ಬೇಲಿಯಾಚೆ ನಿಂತವನೊಬ್ಬ ಮೂಗು ಮುಚ್ಚಿಕೊಂಡ. ಅಕ್ಕ ಮೆಲ್ಲಗೆ, “ಶಂಕ್ರ… ಇಲ್ಲೀಗಂಟ ನಾತ ಬತ್ತೈತಲ್ಲೋ” ಎಂದಳು.

“ಶೀತ ಆಗಿದೆ ಕಣಕ್ಕ” ಎಂದುಬಿಟ್ಟೆ. ಅಷ್ಟೇ. ಶೀತ ಎಂಬ ಎರಡಕ್ಷರಕ್ಕೆ ಅಂಗಳವೇ ನನ್ನ ಸುತ್ತ ಬಟಾಬಯಲಾಯಿತು. ಈರಣ್ಣ ಪಂಚೆ ಎತ್ತಿ ಕಟ್ಟಿ ಓಡಿದ ವೇಗ ನೋಡಿದ್ದರೆ ಯಾವ ರೂಪಾಂತರಿಯೂ ನಾಚಬೇಕಿತ್ತು. ಹೆಂಗಸರು ಸರಿದರು, ಅಕ್ಕನೂ ಮೂರು ಮೆಟ್ಟಿಲು ಹತ್ತಿ ನಿಂತಳು. ಸರಿಯದವಳು ಲಕ್ಕಮ್ಮ ಒಬ್ಬಳೇ. ನನ್ನ ಕೈಯಿಂದ ಉಂಡೆ ಇಸಿದುಕೊಂಡು, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು. “ಅವತ್ತೂ ಇಂಗೇ ಘಮ್ ಅಂದ್ರಿ ಸ್ವಾಮಿ. ಅವತ್ತೂ ಕೌಟೇ ಇತ್ತು. ಮೇಷ್ಟ್ರ ಮೂಗಿಗೆ ಏನೋ ಆಗೈತೆ ಅಂತ ನಾನು ಏಳಿದ್ರೆ ಯಾರ್ ನಂಬೋರು?” ಬೈಗುಳವಿರಲಿಲ್ಲ, ಅಳುವಿರಲಿಲ್ಲ. ಮಚ್ಚು ಒರೆಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಭಾವ, ಶೀತ ಅಲ್ಲ.

ಅವತ್ತು ನೀವು ಫೋನು ಮಾಡುವ ಹಿಂದಿನ ದಿನವೇ ನಮ್ಮನೆಯ ಕಾಫಿ ನನಗೆ ಬರೀ ಬಿಸಿನೀರಾಗಿತ್ತು. ಸೋಪಿನ ತುಂಡನ್ನು ಮೂಗಿಗೆ ಒತ್ತಿ ನೋಡಿದ್ದೆ, ಊದಿನಕಡ್ಡಿ ಹಚ್ಚಿ ನೋಡಿದ್ದೆ. ಏನೂ ಇಲ್ಲ. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಅದೊಂದೇ. ಕರಪತ್ರದ ನಾಲ್ಕನೆಯ ಸಾಲು. ನಾನೇ ಬರೆದದ್ದು, ನಾನೇ ಕರಡು ತಿದ್ದಿದ್ದು. ‘ಒಂದು ಕಂಡರೂ ಹೊರಬೀಳಬೇಡಿ.’ ಆದರೆ ನೀವು ಮೂಗು ಕಳಿಸು ಎಂದಿರಿ. ಮೂಗಿಲ್ಲದೆ ನಾನು ನಿಮ್ಮ ಅಂಗಳದಲ್ಲಿ ಏನು? ಕುರ್ಚಿ ಯಾರು ಹಾಕುತ್ತಾರೆ? ಅಷ್ಟು ಸಣ್ಣ ನಾಚಿಕೆಗೆ… ರೋಗ ನಿಮಗೆ ನನ್ನಿಂದಲೇ ಬಂತೋ, ಡೈರಿಯ ಹತ್ತಿರ ಹಾಲಿಗೆ ನಿಂತಾಗ ಬಂತೋ, ಈಗ ಯಾವ ಪರೀಕ್ಷೆಯೂ ಹೇಳಲಾರದು. ಆದರೆ ಲಕ್ಕಮ್ಮನಿಂದ ಎಂದು ಊರು ಕೂಗಿದಾಗ, ಅಲ್ಲ ಎನ್ನಲು ಕಾರಣ ಇದ್ದವನು ನಾನೊಬ್ಬನೇ. ಗುಡುಗಿದೆನೇ ಹೊರತು ಬಾಯಿ ಬಿಡಲಿಲ್ಲ.

ಹತ್ತು ಗಂಟೆಯ ಬಸ್ಸಿಗೆ ಹೊರಡುತ್ತಿದ್ದೇನೆ. ಮೊದಲು ದಬ್ಬೇಘಟ್ಟ. ಲಕ್ಕಮ್ಮ ಬರುವುದಾದರೆ ಅವಳನ್ನು ಕರೆದುಕೊಂಡು ನಿಮ್ಮ ಅಂಗಳಕ್ಕೆ ಬಂದು, ಅಕ್ಕನ ಎದುರಿಗೆ, ಈರಣ್ಣನಿಗೂ ಬೇಲಿಯ ಹತ್ತಿರ ಜಾಗ ಕೊಟ್ಟು, ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಅವಳು ಬರದಿದ್ದರೂ ಓದುತ್ತೇನೆ. ಆಮೇಲೆ ಅಕ್ಕ ನನ್ನನ್ನು ಅಂಗಳಕ್ಕೆ ಸೇರಿಸದಿದ್ದರೆ ಅದು ಅವಳಿಷ್ಟ.

ಇನ್ನು ಕಳ್ಳತನದ ಕಾರಣ. ನನ್ನ ವಾಸನೆ ಆಮೇಲೂ ವಾಪಸು ಬರಲೇ ಇಲ್ಲ, ಭಾವ. ಈ ನಾಲ್ಕು ವರ್ಷ ನಿಮ್ಮ ಅಂಗಳದಲ್ಲಿ ನಾನು ಮೂಸಿ ಹೇಳಿದ ತೀರ್ಪೆಲ್ಲ ಅಕ್ಕನ ಮುಖ ನೋಡಿ ಹೇಳಿದ್ದು. ಅವಳು ಮೂಗು ಮುರಿದರೆ ಕೌಟು, ಮುರಿಯದಿದ್ದರೆ ಘಮ್. ನಿನ್ನೆ ಅವಳ ಕಡೆ ನೋಡುವುದನ್ನು ಮರೆತೆ. ಅದಕ್ಕೇ ಯಾರ ಮುಖವೂ ಇಲ್ಲದ ಕಡೆ ಒಂದು ಸಲ ನೋಡಿಕೊಳ್ಳೋಣವೆಂದು ಇದನ್ನು ಕದ್ದು ತಂದೆ. ಬೆಳಿಗ್ಗೆಯಿಂದ ಮೂಸುತ್ತಿದ್ದೇನೆ. ಒಳ್ಳೆಯದೋ ಕೌಟೋ, ದೇವರಾಣೆಗೂ ಗೊತ್ತಾಗುತ್ತಿಲ್ಲ. ಜೇಬಿನಲ್ಲಿ ಹಾಕಿಕೊಂಡಿದ್ದೇನೆ, ಲಕ್ಕಮ್ಮನನ್ನೇ ಕೇಳಬೇಕು.

ನಿಮ್ಮ ಮೂಗಿಲ್ಲದ ಭಾವಮೈದ,
ಶಂಕರ